ಹಡಗು ಮುಳುಗೀತೆಂಬ ಭಯ ಬಿಡಿ, ಮಾವನವರ ಮಾತ್ರೆ ಡಬ್ಬಿ ನೋಡಿ

ಪ್ರಶ್ನೆ: ನಮ್ಮದು ದಾವಣಗೆರೆಯ ವಿದ್ಯಾನಗರ. ಅತ್ತೆ–ಮಾವನವರ ಮದುವೆಗೆ ಐವತ್ತು ವರ್ಷ ತುಂಬುತ್ತಿದೆ ಎಂದು ನನ್ನ ಮೈದುನ ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾನೆ. ಮಾವನವರಿಗೆ 72 ವರ್ಷ. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಶುಗರ್‌ಗೆ ಮಾತ್ರೆಯ ಜೊತೆ ರಾತ್ರಿ ಇನ್ಸುಲಿನ್ ಇದೆ. ಅತ್ತೆಗೆ ಮೊಣಕಾಲು ನೋವು, ಇಂಗ್ಲಿಷ್ ಬರುವುದಿಲ್ಲ. ದೊಡ್ಡ ಹಡಗೊಂದು ಮಗ್ಗುಲಾಗಿ ಬಿದ್ದಿರುವ ವಿಡಿಯೊ ನೋಡಿದಾಗಿನಿಂದ ಅವರು "ನಾ ಒಲ್ಲೆ" ಅನ್ನುತ್ತಿದ್ದಾರೆ. ಇವರಿಬ್ಬರನ್ನೇ ಕಳಿಸಬಹುದೇ? ಕಳಿಸುವುದಾದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಕಳಿಸಬಹುದು. ಆದರೆ ಮಾವನವರ ಹೃದಯದ ಡಾಕ್ಟರು ಒಮ್ಮೆ ನೋಡಿ ಒಪ್ಪಿದ ಮೇಲೆ, ಮತ್ತು ಕೆಲವು ಸಿದ್ಧತೆ ಮನೆಯಲ್ಲೇ ಮುಗಿದ ಮೇಲೆ. ನಾನು ವರ್ಷಗಟ್ಟಲೆ ಪ್ರಯಾಣಿಕರ ಹಡಗುಗಳಲ್ಲಿ ವೈದ್ಯನಾಗಿದ್ದವನು, ಈಗ ದಾವಣಗೆರೆಯಲ್ಲೇ ರೋಗಿಗಳನ್ನು ನೋಡುತ್ತಿದ್ದೇನೆ. ಈಚೆಗೆ ಸಿಂಗಪುರ–ಮಲೇಷ್ಯಾ ಟೂರಿನ ಜೊತೆ ಕ್ರೂಸ್ ಸೇರಿಸಿಕೊಂಡು ಹೊರಡುವ ಹಿರಿಯರು ನಮ್ಮ ಊರಲ್ಲೂ ಹೆಚ್ಚಾಗಿದ್ದಾರೆ. ಹೋಗುವ ಮುಂಚೆ ನನ್ನ ಹತ್ತಿರ ಬಂದವರೆಲ್ಲ ಕೇಳುವುದು "ಹಡಗು ಮುಳುಗಿದರೆ?" ಎಂದು. "ನಡುರಾತ್ರಿ ಎದೆ ಹಿಡಿದುಕೊಂಡರೆ?" ಎಂದು ಕೇಳುವವರು ಕಡಿಮೆ. ಹಡಗಿನಲ್ಲಿದ್ದಷ್ಟು ಕಾಲ ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಈ ಎರಡನೆಯ ಪ್ರಶ್ನೆ.

ಮೊದಲು ಅತ್ತೆಯವರ ಭಯಕ್ಕೆ ಉತ್ತರ ಹೇಳುತ್ತೇನೆ, ಅದನ್ನು ತಳ್ಳಿಹಾಕಬೇಡಿ. ಅವರು ನೋಡಿದ್ದು ಬಹುಶಃ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದೃಶ್ಯ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪಕ್ಕೆ ಅತಿ ಸಮೀಪದಿಂದ ಹಾಯಲು ಹೋಗಿ ಅದು ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು 4,229 ಜನ, ಸತ್ತವರು 32. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದೂ ಇಷ್ಟು ಜನ ಯಾಕೆ ಸತ್ತರು ಅನ್ನುವುದೇ ಅದರಲ್ಲಿ ನಾವು ಕೇಳಬೇಕಾದ ಪ್ರಶ್ನೆ. ಬಂಡೆಗೆ ಬಡಿದದ್ದು ಒಂಬತ್ತೂಮುಕ್ಕಾಲರ ಹೊತ್ತಿಗೆ. ಹಡಗು ಬಿಡಿ ಎಂಬ ಆಜ್ಞೆ ಬಂದದ್ದು ಒಂದು ಗಂಟೆಗೂ ಹೆಚ್ಚು ತಡವಾಗಿ. ನಡುವೆ ಪ್ರಯಾಣಿಕರಿಗೆ ಹೇಳಿದ್ದು ಕರೆಂಟಿನ ತೊಂದರೆ ಎಂದು. ಅಷ್ಟರಲ್ಲಿ ಹಡಗು ವಾಲಿ, ಒಂದು ಪಕ್ಕದ ಲೈಫ್‌ಬೋಟುಗಳನ್ನು ಇಳಿಸುವುದೇ ಕಷ್ಟವಾಯಿತು. ಆ ದಿನ ಸಂಜೆ ಹತ್ತಿದ್ದ ಪ್ರಯಾಣಿಕರಿಗೆ ತುರ್ತು ಹೊತ್ತಿನಲ್ಲಿ ಎಲ್ಲಿ ಸೇರಬೇಕೆಂದು ತೋರಿಸುವ ಡ್ರಿಲ್ ಇನ್ನೂ ಆಗಿರಲಿಲ್ಲ, ಮರುದಿನಕ್ಕೆ ಇಟ್ಟುಕೊಂಡಿದ್ದರು. ಆಗಿನ ನಿಯಮ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಸಾಕು ಎನ್ನುತ್ತಿತ್ತು. ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ನಿಯಮವೂ ಬದಲಾಯಿತು: 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು.

ಸಮುದ್ರದ ನಿಯಮಗಳು ಬಹುಮಟ್ಟಿಗೆ ಹೀಗೆಯೇ, ಒಂದೊಂದು ಸಾವಿನ ಹಿಂದೆ ಒಂದೊಂದು ಬಂದಿವೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಸುಮಾರು 2,200 ಜನರಿದ್ದ ಹಡಗಿನಲ್ಲಿ ಬೋಟುಗಳಿದ್ದದ್ದು 1,178 ಜನಕ್ಕೆ. ಎರಡು ವರ್ಷದಲ್ಲಿ, ಸಮುದ್ರದಲ್ಲಿ ಜೀವ ಉಳಿಸುವ ನಿಯಮಗಳ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಬಂತು. ಇವತ್ತು ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕ ಹಡಗಿನಲ್ಲಿ ಬೋಟು ಮತ್ತು ತೇಲುವ ರಾಫ್ಟು ಸೇರಿ ಹಡಗಿನಲ್ಲಿರುವ ಎಲ್ಲರಿಗೂ ಸಾಕಾಗಿ, ಅದರ ಮೇಲೆ ನೂರಕ್ಕೆ ಇಪ್ಪತ್ತೈದು ಜನಕ್ಕೆ ಜಾಗ ಉಳಿಯಬೇಕು. ಜನ ಲೈಫ್ ಜಾಕೆಟ್ ತೊಟ್ಟು ಸೇರಿದ ಮೇಲೆ ಹಡಗು ಬಿಡಿ ಎಂಬ ಸೂಚನೆ ಬಂದರೆ, ಅರ್ಧ ಗಂಟೆಯಲ್ಲಿ ಎಲ್ಲರನ್ನೂ ತುಂಬಿಕೊಂಡು ಅವು ನೀರಿಗೆ ಇಳಿಯುವಂತಿರಬೇಕು. ಸೂಳೆಕೆರೆಯಲ್ಲೋ ಹರಿಹರದ ಹೊಳೆಯಲ್ಲೋ ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ. ಅವರಿಗೆ ಕ್ರೂಸ್ ಹಡಗಿನ ಭಯ ಬೇಡ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಡ್ರಿಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈಗ ಅನೇಕ ಹಡಗುಗಳಲ್ಲಿ ಇದನ್ನು ಹಗುರ ಮಾಡಿದ್ದಾರೆ. ಟಿವಿಯಲ್ಲೋ ಮೊಬೈಲಿನಲ್ಲೋ ವಿಡಿಯೊ ನೋಡಿ, ಆಮೇಲೆ ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಮುಗಿಯಿತು. ಆ ಜಾಗಕ್ಕೆ ಮಸ್ಟರ್ ಸ್ಟೇಷನ್ ಅನ್ನುತ್ತಾರೆ, ಅದರ ಗುರುತು ಕ್ಯಾಬಿನ್ ಕಾರ್ಡಿನ ಮೇಲೆ ಅಥವಾ ಬಾಗಿಲ ಹಿಂದೆ ಇರುತ್ತದೆ. ನಿಮ್ಮ ಅತ್ತೆ–ಮಾವನವರು ಕ್ಯಾಬಿನ್‌ನಿಂದ ಅಲ್ಲಿಯವರೆಗೆ ಒಮ್ಮೆ ಮೆಟ್ಟಿಲ ಮೇಲೇ ನಡೆದು ನೋಡಲಿ, ಲಿಫ್ಟಿನಲ್ಲಿ ಬೇಡ. ಬೆಂಕಿಯೋ ಕರೆಂಟು ಹೋದದ್ದೋ ಆದಾಗ ಲಿಫ್ಟ್ ಇರುವುದಿಲ್ಲ. ಮೊಣಕಾಲು ನೋವಿರುವವರಿಗೆ ಎಷ್ಟು ಅಂತಸ್ತು, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಆ ಒಂದು ನಡಿಗೆಯಲ್ಲಿ ತಿಳಿದುಹೋಗುತ್ತದೆ. ಕಷ್ಟ ಅನ್ನಿಸಿದರೆ ಆಗಲೇ ರಿಸೆಪ್ಷನ್‌ಗೆ ಹೇಳಬೇಕು. ನಡೆಯಲು ಸಹಾಯ ಬೇಕಾದವರ ಪಟ್ಟಿ ಹಡಗಿನಲ್ಲಿ ಇರುತ್ತದೆ, ಅದರಲ್ಲಿ ಅತ್ತೆಯವರ ಕ್ಯಾಬಿನ್ ನಂಬರ್ ಸೇರಬೇಕು. ಹೆಸರು ಸೇರಿಸಲು ಸಂಕೋಚಪಡುವ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಇದರಲ್ಲಿ ಸಂಕೋಚಕ್ಕೆ ಏನೂ ಇಲ್ಲ.

ಇಂಗ್ಲಿಷ್ ಬರದಿದ್ದರೂ ಚಿಂತೆಯಿಲ್ಲ ಎನ್ನಲು ಕಾರಣ ಇದೆ. ತುರ್ತಿನ ಸೂಚನೆ ಮಾತಿನಲ್ಲಿ ಇಲ್ಲ, ಸದ್ದಿನಲ್ಲಿದೆ: ಏಳು ಸಲ ಚಿಕ್ಕದಾಗಿ, ಎಂಟನೆಯದು ಉದ್ದಕ್ಕೆ. ಎಲ್ಲ ದೇಶದ ಹಡಗಿನಲ್ಲೂ ಇದೇ. ನೀವು ಮನೆಯಲ್ಲೇ ಬಾಯಿಂದ ಸದ್ದು ಮಾಡಿ ಅತ್ತೆಯವರಿಗೆ ಅಭ್ಯಾಸ ಮಾಡಿಸಿ. ಆ ಸದ್ದು ಕೇಳಿದರೆ ಬೆಚ್ಚನೆಯ ಬಟ್ಟೆ, ಕಾಲಿಗೆ ಚಪ್ಪಲಿ ಅಥವಾ ಶೂ, ಮಾತ್ರೆ ಚೀಲ ಹಿಡಿದು ಹೊರಡುವುದು. ಒಡವೆ ಹುಡುಕಲು ನಿಲ್ಲುವಂತಿಲ್ಲ. ಇನ್ನೊಂದು ಮಾತನ್ನು ಇಬ್ಬರೂ ಮುಂಚೆಯೇ ಆಡಿಕೊಂಡಿರಲಿ. ಸದ್ದಾದಾಗ ಒಬ್ಬರು ಕ್ಯಾಬಿನ್‌ನಲ್ಲಿ, ಇನ್ನೊಬ್ಬರು ಊಟದ ಹಾಲ್‌ನಲ್ಲಿ ಇದ್ದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಅಲೆಯಬಾರದು. ಇಬ್ಬರೂ ನೇರ ಮಸ್ಟರ್ ಸ್ಟೇಷನ್‌ಗೇ ಹೋಗಬೇಕು. ಐವತ್ತು ವರ್ಷ ಜೊತೆಗಿದ್ದವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ, ಆದರೂ ಒಪ್ಪಿಸಿ. ಡ್ರಿಲ್‌ನಲ್ಲಿ ಕೂಡ ನನಗೆ ಹೆಚ್ಚು ಕಾಣುತ್ತಿದ್ದುದು ಎದುರು ದಿಕ್ಕಿಗೆ, ಮೆಟ್ಟಿಲಿಳಿಯುವ ಗುಂಪನ್ನು ಸೀಳಿಕೊಂಡು ಮೇಲೆ ಹತ್ತುವ ಗಂಡನೋ ಹೆಂಡತಿಯೋ.

ಮುಳುಗುವುದಕ್ಕಿಂತ ಹಡಗಿನವರು ಹೆದರುವುದು ಬೆಂಕಿಗೆ. ಇಂಜಿನ್ ರೂಮಿನಲ್ಲಿ ಪೈಪ್ ಸೀಳಿ ಎಣ್ಣೆ ಕಾದ ಲೋಹದ ಮೇಲೆ ಚಿಮ್ಮುವುದು ಅದರ ಸಾಮಾನ್ಯ ಆರಂಭ. 2013ರ ಫೆಬ್ರುವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿಗೆ ಆದದ್ದು ಹೀಗೆಯೇ. ಬೆಂಕಿ ಆರಿತು, ಯಾರಿಗೂ ಸುಡಲಿಲ್ಲ, ಆದರೆ ಕರೆಂಟು ಹೋಯಿತು. ಹಡಗಿನ ಶೌಚಾಲಯ ನಮ್ಮ ಮನೆಯದರಂತೆ ನೀರು ಸುರಿದರೆ ಹೋಗುವಂಥದ್ದಲ್ಲ, ಗಾಳಿ ಎಳೆದುಕೊಳ್ಳುವ ಪಂಪಿನಿಂದ ನಡೆಯುವಂಥದ್ದು. ಪಂಪ್ ನಿಂತಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಟಗ್ ಬೋಟುಗಳು ಎಳೆದುಕೊಂಡು ಅಲಬಾಮಾದ ಮೊಬೀಲ್ ಬಂದರು ಮುಟ್ಟಿಸುವ ತನಕ, ದಿನಗಟ್ಟಲೆ ಆ ಗಲೀಜಿನಲ್ಲೇ ಕಳೆದರು. ವೈದ್ಯನಾಗಿ ನನಗೆ ಮೊದಲು ಹೊಳೆಯುವುದು ಇನ್ಸುಲಿನ್ ಫ್ರಿಜ್, ಆಕ್ಸಿಜನ್ ಯಂತ್ರ, ಕತ್ತಲ ಮೆಟ್ಟಿಲು.

2019ರ ಮಾರ್ಚಿನಲ್ಲಿ ನಾರ್ವೆ ತೀರದಲ್ಲಿ ವೈಕಿಂಗ್ ಸ್ಕೈ ಹಡಗಿನದು ಇನ್ನೂ ಕಲಿಸುವಂಥ ಕಥೆ. ಬಿರುಗಾಳಿಯಲ್ಲಿ ಇಂಜಿನ್‌ಗಳೆಲ್ಲ ಒಂದರ ಹಿಂದೊಂದು ನಿಂತವು. ಕಾರಣ, ತೊಟ್ಟಿಯಲ್ಲಿ ಲೂಬ್ರಿಕೇಶನ್ ಆಯಿಲ್ ಇರಬೇಕಾದಷ್ಟು ಇರಲಿಲ್ಲ. ಒಗ್ಗರಣೆ ಬಾಣಲೆ ವಾಲಿಸಿದರೆ ಕಡಿಮೆ ಎಣ್ಣೆ ಒಂದೇ ಮಗ್ಗುಲಿಗೆ ಸರಿದು ಉಳಿದ ತಳ ಒಣಗುತ್ತದಲ್ಲ, ಹಾಗೇ ಹಡಗು ಹೊಯ್ದಾಡಿದಾಗ ಪಂಪಿಗೆ ಆಯಿಲ್ ಸಿಗದೆ ಒತ್ತಡ ಬಿತ್ತು. ಒತ್ತಡ ಬಿದ್ದರೆ ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ. 1,373 ಜನರಿದ್ದ ಹಡಗು ಬಂಡೆಗಳ ಕಡೆ ತೇಲತೊಡಗಿತು. ನಾನೂರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರಾಗಿ ಮೇಲೆತ್ತಿದರು, ಅವರಲ್ಲಿ ವಯಸ್ಸಾದವರೇ ಹೆಚ್ಚು. ಆಮೇಲೆ ಇಂಜಿನ್ ಮತ್ತೆ ಹತ್ತಿ ಹಡಗು ದಡ ಸೇರಿತು. ಯಾರೂ ಸಾಯಲಿಲ್ಲ. ಆಯಿಲ್ ಮಟ್ಟ ನೋಡುವುದು ದಿನದ ಕೆಲಸ, ಅದಕ್ಕೆ ದೊಡ್ಡ ವಿದ್ಯೆ ಬೇಡ. ಹಡಗಿನ ಅವಘಡಗಳ ತನಿಖೆಗಳಲ್ಲಿ ಇಂಥ ಸಣ್ಣ ಕೆಲಸಗಳೇ ಮತ್ತೆ ಮತ್ತೆ ಎದುರಾಗುತ್ತವೆ.

ಬೆಂಕಿ ಪ್ರಯಾಣಿಕರ ಕೈಯಿಂದಲೂ ಆಗುತ್ತದೆ. 2006ರ ಮಾರ್ಚಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ, ಬಹುಶಃ ಯಾರೋ ಎಸೆದ ಸಿಗರೇಟಿನಿಂದ ಹತ್ತಿದ ಕಿಡಿ ಪ್ಲಾಸ್ಟಿಕ್ ಅಡ್ಡಗೋಡೆಗಳನ್ನು ಹಿಡಿದು ಕೆಲವೇ ನಿಮಿಷಗಳಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಹಾರಿತು. ಹೊಗೆಯಿಂದ ಒಬ್ಬರು ತೀರಿಕೊಂಡರು. ನಮ್ಮವರಿಗೆ ಇದನ್ನು ನಾನು ಒತ್ತಿ ಹೇಳುವುದು ಕರ್ಪೂರ ಮತ್ತು ಊದುಬತ್ತಿಯ ಸಲುವಾಗಿ. ನಾನಿದ್ದ ಹಡಗೊಂದರಲ್ಲಿ ನಮ್ಮ ಕಡೆಯದೇ ಕುಟುಂಬವೊಂದು ಬೆಳಿಗ್ಗೆ ಕ್ಯಾಬಿನ್‌ನಲ್ಲಿ ಪುಟ್ಟ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಆರತಿ ಮಾಡಿತ್ತು. ಆರತಿ ಮುಗಿಯುವ ಮುನ್ನವೇ ಬಾಗಿಲ ಮುಂದೆ ಬೆಂಕಿ ಆರಿಸುವ ಉಡುಪು ತೊಟ್ಟವರು ಬಂದು ನಿಂತಿದ್ದರು. ಅಜ್ಜಿ ಕೈ ಮುಗಿದು ನಡುಗುತ್ತಿದ್ದರು. ಬಿಪಿ ನೋಡಲು ನನ್ನನ್ನು ಕರೆಸಿದರು. ಆ ಕುಟುಂಬದ ಭಕ್ತಿಯಲ್ಲಿ ತಪ್ಪೇನೂ ಇರಲಿಲ್ಲ, ಯಾರೂ ಅವರಿಗೆ ಮುಂಚೆ ಹೇಳಿರಲಿಲ್ಲ ಅಷ್ಟೇ. ಊದುಬತ್ತಿ, ದೀಪ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಕೆಟಲ್ ಯಾವುದೂ ಚೀಲಕ್ಕೆ ಬೇಡ. ಅತ್ತೆಯವರು ಪೂಜೆಗೆ ಹೂವು, ಕುಂಕುಮ, ವಿಭೂತಿ ಇಟ್ಟುಕೊಳ್ಳಲಿ. ಬೆಂಕಿಯ ಹೊತ್ತಿನಲ್ಲಿ ಕಾರಿಡಾರಿನ ದಪ್ಪ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಹೊಗೆ ಹರಡದಿರಲಿ ಎಂದು. ಒಳಗೆ ಸಿಕ್ಕಿಬಿದ್ದೆವು ಎಂದು ಗಾಬರಿಯಾಗಬಾರದು. ದಾರಿಯ ಆ ಬಾಗಿಲುಗಳನ್ನು ಕೈಯಿಂದ ನೂಕಿದರೆ ತೆರೆಯುತ್ತವೆ.

ಇನ್ನು ಹೊಟ್ಟೆಯ ವಿಷಯ. ಕ್ರೂಸ್ ಎಂದರೆ ವಾಂತಿ–ಭೇದಿ ಎಂಬ ಸುದ್ದಿ ಓದಿರುತ್ತೀರಿ. ನೊರೊವೈರಸ್ ಅದರ ಮುಖ್ಯ ಕಾರಣ. ಅಮೆರಿಕದ ಬಂದರುಗಳಿಗೆ ಬರುವ ಹಡಗಿನಲ್ಲಿ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ನೂರಕ್ಕೆ ಮೂವರು ಹೊಟ್ಟೆ ಕೆಟ್ಟಿದೆ ಎಂದರೂ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದನ್ನು ಪ್ರಕಟಿಸುತ್ತದೆ, ಹಡಗುಗಳ ಸ್ವಚ್ಛತೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಹೀಗೆ ಎಣಿಸಿದ್ದರೆ ಎಷ್ಟು ಸುದ್ದಿಯಾಗುತ್ತಿತ್ತೋ! ಹಾಗಾಗಿ ಆ ಸುದ್ದಿಗಳನ್ನು ಓದಿ ಹಡಗೇ ರೋಗದ ಗೂಡು ಎಂದುಕೊಳ್ಳುವುದು ತಪ್ಪು. ಆದರೆ ಶುಗರ್ ಮತ್ತು ಹೃದಯದ ಮಾತ್ರೆ ತೆಗೆದುಕೊಳ್ಳುವ 72ರ ಮನುಷ್ಯನಿಗೆ ಎರಡು ದಿನದ ಭೇದಿ ಸಣ್ಣದಲ್ಲ.

ಇದರಲ್ಲಿ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ. ಊಟದ ಹಾಲ್ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ನೊರೊವೈರಸ್‌ಗೆ ಸಾಲದು. ಸೋಪು ಹಚ್ಚಿ, ನೀರಿನಲ್ಲಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯಬೇಕು. ಬಫೆಯಲ್ಲಿ ನೂರಾರು ಜನ ಹಿಡಿದ ಸೌಟನ್ನೇ ನಾವೂ ಹಿಡಿದು, ಆಮೇಲೆ ನಮ್ಮ ಪದ್ಧತಿಯಂತೆ ಕೈಯಲ್ಲೇ ಊಟ ಮಾಡುತ್ತೇವೆ. ಆದ್ದರಿಂದ ತಟ್ಟೆಗೆ ಬಡಿಸಿಕೊಂಡು, ಅದನ್ನು ಮೇಜಿನ ಮೇಲಿಟ್ಟು, ಕೈ ತೊಳೆದು ಬಂದು ಕೂರುವುದು ಸರಿಯಾದ ಕ್ರಮ. ಮೆಟ್ಟಿಲ ಕಂಬಿ ಹಿಡಿದ ಕೈ ಬಾಯಿಗೆ ಹೋಗದಿರಲಿ, ಆದರೆ ಕಂಬಿ ಹಿಡಿಯುವುದನ್ನು ಬಿಡಬಾರದು. ಹೊಟ್ಟೆ ಕೆಟ್ಟರೆ ಮುಚ್ಚಿಡುವುದು ಬೇಡ. ಹೇಳಿದರೆ ಕ್ಯಾಬಿನ್‌ನಲ್ಲೇ ಕೂರಿಸುತ್ತಾರೆ ಎಂಬ ಹೆದರಿಕೆಗೆ ಹೇಳದೆ ಇದ್ದು, ಸುಸ್ತಾಗಿ ಬಿದ್ದ ಮೇಲೆ ಕ್ಲಿನಿಕ್‌ಗೆ ಬಂದವರನ್ನು ನೋಡಿದ್ದೇನೆ. ಓಆರ್‌ಎಸ್ ಪೊಟ್ಟಣ ಊರಿಂದಲೇ ಒಯ್ಯಲಿ. ವಾಂತಿಯಾಗಿ ಊಟ ಸೇರದ ದಿನ ಇನ್ಸುಲಿನ್ ಎಷ್ಟು, ಯಾವ ಮಾತ್ರೆ ನಿಲ್ಲಿಸಬೇಕು ಎಂಬುದನ್ನು ಅವರ ಡಾಕ್ಟರಿಂದ ಈಗಲೇ ಬರೆಸಿಕೊಳ್ಳಿ. ಅಂಥ ದಿನದಲ್ಲಿ ರೂಢಿಯ ಡೋಸನ್ನೇ ಚುಚ್ಚಿಕೊಂಡರೆ ಶುಗರ್ ಕುಸಿಯುತ್ತದೆ, ಅದು ರಾತ್ರಿ ನಿದ್ದೆಯಲ್ಲಾದರೆ ಬಹಳ ಅಪಾಯ.

ಉಸಿರಾಟದ ಸೋಂಕು ಇದಕ್ಕಿಂತ ಹೆಚ್ಚು ಗಮನ ಬೇಡುತ್ತದೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಲ್ಲಿಸಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 712 ಮಂದಿಗೆ ಕೋವಿಡ್ ತಗುಲಿತು. ಪ್ರಯಾಣಿಕರು ಕ್ಯಾಬಿನ್‌ಗಳಲ್ಲಿ ಬಂದಿಯಾಗಿದ್ದರು, ಅವರಿಗೆ ಊಟ ಮುಟ್ಟಿಸುತ್ತಿದ್ದ ಸಿಬ್ಬಂದಿ ಮಾತ್ರ ಕೆಳಗಿನ ಅಂತಸ್ತಿನಲ್ಲಿ ಒಟ್ಟಿಗೆ ಉಂಡು, ಹಂಚಿಕೊಂಡ ಕೋಣೆಯಲ್ಲಿ ಮಲಗುತ್ತಿದ್ದರು. ಅವರಲ್ಲಿ ನಮ್ಮ ದೇಶದವರು ನೂರಕ್ಕೂ ಹೆಚ್ಚು ಜನ. ಆ ಹುಡುಗರ ಪಾಡು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಮ್ಮ ಮಾವನವರಿಗೆ ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರ ಮುಂಚೆಯಾದರೂ ಹಾಕಿಸಿ, ನ್ಯುಮೋನಿಯಾ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಕೇಳಿ.

ಈಗ ಎದೆನೋವಿನ ಮಾತು. ದಾವಣಗೆರೆಯಲ್ಲಿ ನಡುರಾತ್ರಿ ಹೀಗಾದರೆ 108ಕ್ಕೆ ಫೋನ್ ಮಾಡುತ್ತೀರಿ, ಇಲ್ಲವೇ ಪಕ್ಕದ ಮನೆಯವರ ಕಾರಿನಲ್ಲಿ ಕೂರಿಸಿಕೊಂಡು ಆಂಜಿಯೋಗ್ರಾಂ ಮಾಡುವ ಆಸ್ಪತ್ರೆಗೆ ಓಡುತ್ತೀರಿ. ಹಡಗಿನಲ್ಲಿ ಆ ಓಟ ಇಲ್ಲ. ನೂರು ಅಥವಾ ಹೆಚ್ಚು ಜನರಿದ್ದು ಮೂರು ದಿನ ಮೀರಿದ ಅಂತರರಾಷ್ಟ್ರೀಯ ಯಾನಕ್ಕೆ ಡಾಕ್ಟರು ಇರಲೇಬೇಕೆಂದು 2006ರ ಸಮುದ್ರ ಕಾರ್ಮಿಕ ಒಪ್ಪಂದ ಹೇಳುತ್ತದೆ. ದೊಡ್ಡ ಹಡಗಿನ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ಇಸಿಜಿ, ಎದೆಗೆ ಶಾಕ್ ಕೊಡುವ ಯಂತ್ರ, ರಕ್ತ ಪರೀಕ್ಷೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಇರುತ್ತವೆ. ಸ್ಟೆಂಟ್ ಹಾಕುವ ವ್ಯವಸ್ಥೆ ಇರುವುದಿಲ್ಲ. ನಾವು ಮಾಡುವುದು ರೋಗಿಯನ್ನು ಸ್ಥಿರವಾಗಿಟ್ಟು ಮುಂದಿನ ಬಂದರು ಮುಟ್ಟಿಸುವುದು, ಹೆಲಿಕಾಪ್ಟರ್ ತಲುಪುವ ದೂರದಲ್ಲಿದ್ದರೆ, ಹವಾಮಾನ ಅನುಕೂಲವಾಗಿದ್ದರೆ, ಅದರಲ್ಲಿ ಕಳಿಸುವುದು. ಸಿಂಗಪುರದ ಸುತ್ತಿನ ಯಾನಗಳ ಒಳ್ಳೆಯ ಅಂಶ ಇದೇ. ಪೆನಾಂಗ್, ಪುಕೆಟ್ ಕಡೆಗೆ ಹೋಗುವ ಮಲಾಕ್ಕಾ ಜಲಸಂಧಿಯಲ್ಲಿ ಎರಡೂ ಕಡೆ ನೆಲವಿದೆ, ದೊಡ್ಡ ಆಸ್ಪತ್ರೆಯಿರುವ ಊರುಗಳಿವೆ. ಅಲೆಯ ಹೊಡೆತವೂ ತೆರೆದ ಸಾಗರದಷ್ಟು ಇರುವುದಿಲ್ಲ. ನೀವು ಹೇಳಿದ ಪರಿಸ್ಥಿತಿಗೆ ಇಂಥದ್ದೇ ಯಾನ ತಕ್ಕದ್ದು. ಬಂದರು ಕಾಣದೆ ವಾರಗಟ್ಟಲೆ ಸಾಗುವ ಯಾನ ಆಗಿದ್ದರೆ ನಾನು ಬೇಡ ಎನ್ನುತ್ತಿದ್ದೆ.

ಆದ್ದರಿಂದ ಹೊರಡುವ ಮುಂಚೆ ಇಸಿಜಿ, ಎಕೋ ಆಗಲಿ, ಎರಡು ಅಂತಸ್ತು ಹತ್ತಿದಾಗ ಎದೆ ಬಿಗಿಯುತ್ತದೆಯೇ ಎಂದು ಡಾಕ್ಟರು ಕೇಳಲಿ. ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಸಮ್ಮರಿ, ಈಚಿನ ಇಸಿಜಿ, ಮಾತ್ರೆಗಳ ಚೀಟಿ ಮೂರರ ಪ್ರತಿಯೂ ಅವರ ಜೊತೆಗಿರಲಿ. ಹಳೆಯ ಇಸಿಜಿ ಕೈಯಲ್ಲಿದ್ದರೆ ಹೊಸದಾಗಿ ಏನು ಬದಲಾಗಿದೆ ಎಂದು ಹಡಗಿನ ಡಾಕ್ಟರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ನನಗಂತೂ ಆ ಒಂದು ಹಾಳೆ ಎಷ್ಟೋ ಸಲ ದಾರಿ ತೋರಿಸಿದೆ. ಕ್ಯಾಬಿನ್‌ಗೆ ಹೋದ ಕೂಡಲೇ ಫೋನಿನ ಮೇಲೆ ಬರೆದಿರುವ ತುರ್ತು ನಂಬರ್ ನೋಡಿ, ಅತ್ತೆಯವರ ಕೈಯಲ್ಲೇ ಒಮ್ಮೆ ಅದನ್ನು ಓದಿಸಲು ಮಾವನವರಿಗೆ ಹೇಳಿ. ನೋವು ಅಂದ ತಕ್ಷಣ ಕರೆ ಮಾಡುವುದು, ಗ್ಯಾಸ್ ಇರಬಹುದೆಂದು ಬೆಳಗಿನವರೆಗೆ ಕಾಯುವುದಲ್ಲ.

ಮಾತ್ರೆಗಳು ಕೈಚೀಲದಲ್ಲಿರಬೇಕು. ಹಡಗು ಹತ್ತುವಾಗ ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು ಹೋಗುತ್ತಾರೆ, ಅದು ಕ್ಯಾಬಿನ್‌ಗೆ ಬರುವುದು ಗಂಟೆಗಳ ನಂತರ, ಕೆಲವೊಮ್ಮೆ ರಾತ್ರಿ. ಮೊದಲ ಸಂಜೆ ಕ್ಲಿನಿಕ್ ಮುಂದೆ ನಿಲ್ಲುವ ಸಾಲಿನಲ್ಲಿ "ಮಾತ್ರೆ ಸೂಟ್‌ಕೇಸಿನಲ್ಲಿದೆ" ಎನ್ನುವವರು ಯಾವಾಗಲೂ ಇರುತ್ತಾರೆ. ಬೇಕಾದ್ದಕ್ಕಿಂತ ಒಂದು ವಾರದ ಮಾತ್ರೆ ಹೆಚ್ಚಿಗೆ ಇರಲಿ, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿ ಬಿಡಿಯಾಗಿ ಡಬ್ಬಿಗೆ ಸುರಿದು ಒಯ್ಯುವುದು ಬೇಡ. ವಿಮಾನದಲ್ಲೂ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಕೆಳಗಿನ ಸರಕಿನ ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಬಳಸುತ್ತಿರುವ ಪೆನ್ ಎಸಿ ಕ್ಯಾಬಿನ್‌ನಲ್ಲಿ ನಾಲ್ಕು ದಿನ ಫ್ರಿಜ್ ಇಲ್ಲದೆಯೂ ಚೆನ್ನಾಗಿರುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ನಮ್ಮ ಒಂಬತ್ತರ ಡೋಸ್ ಅಲ್ಲಿ ಹನ್ನೊಂದೂವರೆಗೆ ಬೀಳುತ್ತದೆ, ಇದನ್ನು ಹೇಗೆ ಹೊಂದಿಸಬೇಕೆಂದು ಡಾಕ್ಟರನ್ನು ಕೇಳಿ. ಅತ್ತೆಯವರಿಗೆ ಮೊಣಕಾಲಿಗೆ ಟ್ರಮಡಾಲ್ ಇರುವ ನೋವಿನ ಮಾತ್ರೆಯೋ, ಯಾರಿಗಾದರೂ ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆಯೋ ಇದ್ದರೆ ಸಿಂಗಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಒಪ್ಪಿಗೆ ಮುಂಚೆ ಪಡೆಯಬೇಕಾಗಬಹುದು. ಆ ದೇಶ ಔಷಧದ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಕಡಲ ವಾಂತಿಗೆ ಅವೊಮಿನ್ ಒಯ್ಯುತ್ತೇವೆ ಎಂದು ಬಹಳ ಜನ ಹೇಳುತ್ತಾರೆ. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ ಇರುವ ಹಿರಿಯರು ಕೇಳದೆ ನುಂಗಬಾರದು. ಮಂಪರು ತರಿಸುತ್ತದೆ, ಮಂಪರಿನಲ್ಲಿ ಹಡಗಿನ ಬಚ್ಚಲಿನ ಎತ್ತರದ ಹೊಸ್ತಿಲು ಎಡವುತ್ತದೆ. ಕ್ಲಿನಿಕ್‌ನಲ್ಲಿ ನಾವು ಹೊಲಿಗೆ ಹಾಕುತ್ತಿದ್ದುದು, ಕಟ್ಟು ಕಟ್ಟುತ್ತಿದ್ದುದು ಹೆಚ್ಚಾಗಿ ಇಂಥ ಬೀಳುವಿಕೆಗೆ, ಗಾಳಿಗೆ ಬಡಿದುಕೊಂಡ ಬಾಲ್ಕನಿ ಬಾಗಿಲಲ್ಲಿ ಸಿಕ್ಕ ಬೆರಳಿಗೆ. ಮಧ್ಯಭಾಗದ ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ, ಅಲ್ಲಿ ಹೊಯ್ದಾಟ ಕಡಿಮೆ. ಮತ್ತೆ ಈಜುಕೊಳದ ಡೆಕ್ ಮೇಲೆ ಮಾವನವರು ಬರಿಗಾಲಲ್ಲಿ ನಡೆಯಬಾರದು. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಮಧ್ಯಾಹ್ನದ ಬಿಸಿಲಿಗೆ ಕಾದ ನೆಲ ಸುಡುವುದು ಗೊತ್ತೇ ಆಗುವುದಿಲ್ಲ, ಸಂಜೆ ಬೊಬ್ಬೆ ನೋಡಿದ ಮೇಲೆ ತಿಳಿಯುತ್ತದೆ. ಶುಗರ್ ಇರುವವರ ಪಾದದ ಗಾಯ ಮಾಯಲು ತಿಂಗಳುಗಳೇ ಹಿಡಿಯಬಹುದು.

ಕೊನೆಯದಾಗಿ ದುಡ್ಡಿನ ಮಾತು, ನಿಮ್ಮ ಮೈದುನನಿಗೆ ಹೇಳಿ. ಊರಿನ ಮೆಡಿಕ್ಲೈಮ್ ಸಾಮಾನ್ಯವಾಗಿ ಹೊರದೇಶಕ್ಕೆ ನಡೆಯುವುದಿಲ್ಲ. ಹಡಗಿನ ಕ್ಲಿನಿಕ್ ಟಿಕೆಟ್ ದರದಲ್ಲಿ ಸೇರಿಲ್ಲ, ಬಿಲ್ಲು ಸಾಮಾನ್ಯವಾಗಿ ಕ್ಯಾಬಿನ್ ಖಾತೆಗೆ ಬೀಳುತ್ತದೆ, ಹೆಲಿಕಾಪ್ಟರಿನ ಖರ್ಚು ಮಧ್ಯಮ ವರ್ಗದ ಮನೆ ತಡೆಯುವಂಥದ್ದಲ್ಲ. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಕ್ರೂಸ್ ಸೇರಿದೆಯೇ, ರೋಗಿಯನ್ನು ಸಾಗಿಸುವ ಖರ್ಚು ಎಷ್ಟರವರೆಗೆ, ಮುಂಚಿನಿಂದ ಇರುವ ಕಾಯಿಲೆಗೆ ಕೊಡುತ್ತಾರೆಯೇ ಎಂದು ಮೂರನ್ನೂ ಬರವಣಿಗೆಯಲ್ಲಿ ಕೇಳಲಿ. ಸ್ಟೆಂಟ್ ಮತ್ತು ಶುಗರ್ ಎರಡನ್ನೂ ಫಾರಂನಲ್ಲಿ ಬರೆಯಲೇಬೇಕು. ಪ್ರೀಮಿಯಂ ಕಡಿಮೆಯಾಗಲಿ ಎಂದು ಏಜೆಂಟರು "ಏನೂ ಕಾಯಿಲೆ ಇಲ್ಲ" ಎಂದು ತುಂಬಿಸಿದರೆ ಕ್ಲೇಮ್ ಬಂದ ದಿನ ಆ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ರೋಗಿಯನ್ನು ಬೇರೆ ಊರಿನ ಬಂದರಿನಲ್ಲಿ ಇಳಿಸಬೇಕಾದರೆ ಹಡಗು ಮುಂದೆ ಹೋಗುತ್ತದೆ, ಇಬ್ಬರೂ ಅಲ್ಲೇ ಉಳಿಯುತ್ತಾರೆ. ಆಗ ಇಂಗ್ಲಿಷ್ ಬರದ ಅತ್ತೆಯವರ ಕೈಯಲ್ಲಿ ಪಾಸ್‌ಪೋರ್ಟ್, ಇನ್ಶೂರೆನ್ಸ್ ಕಂಪನಿಯ ಇಪ್ಪತ್ತನಾಲ್ಕು ಗಂಟೆಯ ನಂಬರ್, ನಿಮ್ಮ ಮತ್ತು ಮೈದುನನ ನಂಬರ್ ಇರುವ ಕಾಗದ ಇರಬೇಕು. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಬರೆದು ಅವರ ಪರ್ಸಿನಲ್ಲಿಡಿ.